ಖಾನಾಪುರದ ಬೀಗರಿಗೆ ಬಫೆ ಬಡಿಸಿದ್ದು

ಬೀಗರ ಹೃದಯ ಗಟ್ಟಿಯಾಗಿತ್ತು. ಹೋಟೆಲಿನ ಅಡುಗೆ ಚೆನ್ನಾಗಿತ್ತು. ಯಾರ ಕಣ್ಣೂ ತಾಗಿರಲಿಲ್ಲ. ನಾನೇ ಬಡಿಸಿ ಬಡಿಸಿ ಅವರನ್ನು ನೆಲಕ್ಕೆ ಹಾಕಿದೆ. ನಡೆದದ್ದು ಇಷ್ಟೆ. ನಾವಿರುವ ರಾಮತೀರ್ಥ ನಗರದಲ್ಲಿ ಈಗ ತಿರುಗುತ್ತಿರುವ ಉಳಿದ ಕಥೆಗಳಿಗೆ ನಾನು ಜವಾಬ್ದಾರಳಲ್ಲ.

ನನ್ನ ಮೊಮ್ಮಗಳು ಅಕ್ಷತಾ ಖಾನಾಪುರದ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಅವನೂ ಇವಳನ್ನು ಮೆಚ್ಚಿದ್ದ. ಆದರೆ ಆ ಮನೆಯಲ್ಲಿ ಕೊನೆಯ ಮಾತು ಹುಡುಗನ ಅಜ್ಜ ಬಸಲಿಂಗಪ್ಪನವರದು. ಹಿಂದೆ ಹೆಂಚಿನ ಭಟ್ಟಿ ನಡೆಸಿದವರು. ಆಳು ಒಣಗಿದ ಕಟ್ಟಿಗೆಯಂತೆ ತೆಳ್ಳಗೆ, ಮಾತು ಅದಕ್ಕಿಂತ ಕಡಿಮೆ. ನಾವು ಅವರ ಮನೆಗೆ ಹೋದಾಗ ಅವರ ಹೆಂಡತಿ ಗಂಗವ್ವ ಹೋಳಿಗೆ ಊಟ ಹಾಕಿದರು. ಹಾಕಿದರು ಅಂದರೆ ಸುಮ್ಮನೆ ಹಾಕಿದರೇ! ಸಾಕು ಎಂದರೆ ಒಂದು ಹೋಳಿಗೆ, ಬೇಡ ಎಂದರೆ ಎರಡು, ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ತುಪ್ಪ. ನನ್ನ ಮಗ ಮಲ್ಲು ರವಿವಾರ ಪೇಟೆಯಲ್ಲಿ ಬೆಲ್ಲದ ವ್ಯಾಪಾರಿ, ಮಣಭಾರದ ಬೆಲ್ಲದ ಪೆಂಟೆ ಎತ್ತಿ ಬೆಳೆದವನು. ಅಂಥವನು ಅವತ್ತು ಅವರ ಹೊಸ್ತಿಲು ದಾಟಲು ನನ್ನ ಹೆಗಲು ಹಿಡಿದ!

ಹೊರಡುವಾಗ ಗಂಗವ್ವ ನಗುತ್ತ ಅಂದರು: "ನಮ್ಮ ಕಡೆ ಹಿಂಗರೀ. ಶಹರದ ಮಂದಿಗೆ ಇದೆಲ್ಲಾ ಎಲ್ಲಿ ಆಗತೈತಿ? ಒಂದು ಕಪ್ ಚಹಾ ಕುಡಿಸಿ, ಮತ್ತ ಬರ್ರಿ ಅಂತ ಕಳಸ್ತಾರ."

ನಗೆಯ ಮಾತೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸು ಬೆಳಗಾವಿ ಮುಟ್ಟುವವರೆಗೂ ಆ ಚಹಾದ ಕಪ್ಪು ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಇವರಿಗೆ ಒಂದು ದಿನ ಉಣಿಸಿ ತೋರಿಸದಿದ್ದರೆ ನಾನು ನೀಲವ್ವನೇ ಅಲ್ಲ ಎಂದು ಕಿಟಕಿಯ ಕಡೆ ಮುಖ ಮಾಡಿ ಪ್ರತಿಜ್ಞೆ ಮಾಡಿದೆ.

ಮುಂದಿನ ಐತವಾರ ಅವರು ನಮ್ಮಲ್ಲಿಗೆ ಬರುವುದು, ಆವತ್ತೇ ಅಜ್ಜ ತಮ್ಮ ಮಾತು ಹೇಳುವುದು ಎಂದಾಯಿತು.

"ಅಡಿಗಿ ನಾ ಮಾಡ್ತೀನಿ," ಅಂದೆ.

"ಅತ್ತಿ, ನಿಮ್ಮ ಮೊಣಕಾಲಿನ ಆಪರೇಶನ್ ಆಗಿ ಇನ್ನೂ ಎಷ್ಟು ದಿನ ಆತು? ನಿಂದ್ರಾಕ ಆಗೂದಿಲ್ಲ ನಿಮಗ," ಅಂದಳು ಸೊಸೆ ಸುಜಾತಾ. "ಬಫೆ ಇರೋ ಹೋಟೆಲಿಗೆ ಕರಕೊಂಡು ಹೋಗೂಣು. ಒಂದ ರೇಟು. ಯಾರಿಗೆ ಎಷ್ಟು ಬೇಕೋ ಅಷ್ಟು ಉಣ್ಣಬಹುದು."

"ಎಷ್ಟು ಬೇಕಾದ್ರೂ?"

"ಎಷ್ಟು ಬೇಕಾದ್ರೂ."

"ಒಂದ ರೇಟಿಗೆ?"

"ಹೌದರೀ ಅತ್ತಿ."

ಭೂಮಿಯ ಮೇಲೆ ಇಂಥದೊಂದು ವ್ಯವಸ್ಥೆ ಇದೆ ಎಂದು ಇಷ್ಟು ವರ್ಷ ನನಗೆ ಒಬ್ಬರೂ ಹೇಳಿರಲಿಲ್ಲ! ನನ್ನ ಪ್ರತಿಜ್ಞೆಗೆಂದೇ ಯಾರೋ ಮಾಡಿಟ್ಟಂತಿತ್ತು. ಹೋಟೆಲು ಹುಡುಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ನಾಲ್ಕು ಅಂಗಡಿ ಹತ್ತಿ ಇಳಿಯದೆ ನಾನು ಸೀರೆಗೆ ಹಚ್ಚುವ ಪಿನ್ನನ್ನೂ ಕೊಂಡವಳಲ್ಲ.

ಜೊತೆಗೆ ಮುಮ್ತಾಜ್‌ಬಿ ಬಂದಳು. ರವಿವಾರ ಪೇಟೆಯ ಹಳೆಯ ಮನೆಯಲ್ಲಿ ನಮ್ಮ ನಡುವೆ ಇದ್ದದ್ದು ಒಂದೇ ಗೋಡೆ. ಈಗ ಅವಳು ಪೀರನವಾಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ರಿಕ್ಷಾ ಮಾಡಿಕೊಂಡು ಹೊರಟೆವು.

ಮೊದಲನೆಯ ಹೋಟೆಲಿನಲ್ಲಿ ಏಸಿಯ ಥಂಡಿಗೆ ನನ್ನ ಹಲ್ಲಿನ ಸೆಟ್ಟು ಕಟಕಟ ಅಂದಿತು. ಮ್ಯಾನೇಜರ್ ರೇಟು ಹೇಳಿದ. ಹಲ್ಲು ನಿಂತಿತು. ಐತವಾರ ಬೇರೆ ರೇಟು, ಇನ್ನೂ ಜಾಸ್ತಿ! ಗೋಡೆಗೆ ಒಂದು ಅಳತೆ ಪಟ್ಟಿ ಅಂಟಿಸಿದ್ದರು. ಏನಿದು ಎಂದು ಕೇಳಿದರೆ, ಮಕ್ಕಳ ಎತ್ತರ ಅಳೆದು ಗೆರೆಯ ಕೆಳಗಿದ್ದವರಿಗೆ ಅರ್ಧ ರೇಟಂತೆ.

"ಮುದುಕರಿಗೆ?" ಅಂದೆ.

"ಮುದುಕರಿಗೆ ಪೂರಾ ರೇಟರಿ ಅಜ್ಜಿ."

"ಹಲ್ಲಿಲ್ಲದವರು ಎಷ್ಟು ತಿಂತೀವಪಾ? ಮತ್ತ ನಾನೂ ವರ್ಷಾ ವರ್ಷಾ ಗಿಡ್ಡ ಆಗಾಕತ್ತೀನಿ. ಅಳಿ ಬೇಕಾದ್ರ!" ಎಂದು ಗೋಡೆಗೆ ಬೆನ್ನು ಹಚ್ಚಿ ನಿಂತೆ.

ಅವನು ಅಳೆಯಲಿಲ್ಲ. ಗೆರೆ ನನ್ನ ಎದೆಯ ಹತ್ತಿರ ಇತ್ತು ಎಂದು ಮುಮ್ತಾಜ್‌ಬಿ ರಿಕ್ಷಾದಲ್ಲಿ ಹೇಳಿದಳು.

ಎರಡನೆಯದು ಅಗ್ಗ. ಹೊಳೆಯುವ ದೊಡ್ಡ ದೊಡ್ಡ ಪಾತ್ರೆಗಳು. ಒಂದರ ಮುಚ್ಚಳ ಎತ್ತಿದೆ. ತಳದ ಒಂದು ಮೂಲೆಯಲ್ಲಿ ಸ್ವಲ್ಪ ಪಲ್ಯ, ತಪ್ಪು ಮಾಡಿ ನಿಂತ ಮಕ್ಕಳ ಹಾಗೆ ಕೂಡಿ ಕೂತಿತ್ತು. ಮುಚ್ಚಿ ಬಂದೆ.

ಕೊನೆಗೆ ಖಾನಾಪುರ ರಸ್ತೆಯ ಮೇಲೊಂದು ಸಿಕ್ಕಿತು. ಪೂರಾ ಸಸ್ಯಾಹಾರಿ. ಮಾಲೀಕ ಮರಾಠಿಯವನು, ಅಡುಗೆಯವನು ನಮ್ಮ ಸವದತ್ತಿ ಕಡೆಯವನು, ತಿನ್ನುವವರಲ್ಲಿ ಅರ್ಧ ಗೋವಾದವರು. ಬಿಳಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಟ್ಟಿನ ಸಾರು, ಹೋಳಿಗೆ, ಮೇಲೆ ಬೆಳಗಾವಿ ಕುಂದಾ. ರೇಟು ಕೇಳಿ ಮುಮ್ತಾಜ್‌ಬಿ ನನ್ನ ಕೈ ಚಿವುಟಿದಳು. ನಾನು ತಿರುಗಿ ಚಿವುಟಿದೆ.

"ಒಂದ ಷರತ್ತು ಐತ್ರಿ," ಅಂದ ಮಾಲೀಕ ಗೋಡೆಯ ಬೋರ್ಡು ತೋರಿಸಿ. "ತಟ್ಟಿಯೊಳಗ ಬಿಟ್ಟರ ದಂಡ."

"ಭೇಷ್! ಅನ್ನ ಕೆಡಿಸೋರಿಗೆ ದಂಡ ಹಾಕಬೇಕು. ಇದು ನಮ್ಮ ಧರ್ಮದ ಹೋಟೆಲು," ಎಂದು ನಾನು ಅವನ ಬೆನ್ನು ತಟ್ಟಿದೆ. ಆ ಬೋರ್ಡಿನ ಕೆಳಗೆ ನಿಂತು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಐತವಾರ ಮಧ್ಯಾಹ್ನ ಬೀಗರು ಬಂದರು. ಬಸಲಿಂಗಪ್ಪ, ಗಂಗವ್ವ, ಹುಡುಗ. ಇತ್ತ ನಾವು ಮನೆಯವರು ಮತ್ತು ಹೋಟೆಲು ಹುಡುಕಿದ ಪುಣ್ಯಕ್ಕೆ ಮುಮ್ತಾಜ್‌ಬಿ.

"ಬರ್ರಿ ಬೀಗರ, ಕುಂದರ್ರಿ," ಅಂದೆ.

"ಆಯೀ, ಇನ್ನೂ ಬೀಗರಾಗಿಲ್ಲ, ಅಜ್ಜ ಹ್ಞೂಂ ಅನ್ನಲಿ," ಎಂದು ಅಕ್ಷತಾ ನನ್ನ ಸೆರಗು ಎಳೆದಳು.

ನಾನು ಕೈ ತೊಳೆದು ಬರುವಷ್ಟರಲ್ಲಿ ಕಂಡದ್ದನ್ನು ಹೇಗೆ ಹೇಳಲಿ! ಬಸಲಿಂಗಪ್ಪನವರು, ಕೊನೆಯ ಮಾತಿನ ಯಜಮಾನರು, ತಲೆಗೆ ಪಟಕಾ ಸುತ್ತಿಕೊಂಡು, ಕೈಯಲ್ಲಿ ಖಾಲಿ ತಟ್ಟೆ ಹಿಡಿದು, ಚಡ್ಡಿ ಹಾಕಿದ ಗೋವಾದ ಹುಡುಗನ ಹಿಂದೆ ಸರದಿಯಲ್ಲಿ ನಿಂತಿದ್ದರು! ಅವರ ಹಿಂದೆ ಗಂಗವ್ವ. ಅನ್ನ ಬೇಡಲು ಬಂದವರ ಹಾಗೆ!

"ಮಲ್ಲ್ಯಾ! ಬೀಗರನ್ನ ತಟ್ಟಿ ಹಿಡಿಸಿ ನಿಂದರಿಸೀಯೇನು?"

"ಅವ್ವಾ, ಬಫೆ ಅಂದ್ರ ಹಿಂಗ ಇರತೈತಿ. ಅವರ ಹಾಕ್ಕೋತಾರ."

"ತಾವ ಹಾಕ್ಕೊಂಡು ಉಣ್ಣಾಕ ಅವರಿಗೇನು ದಿಕ್ಕಿಲ್ಲೇನು?"

ಅವರ ಕೈಯ ತಟ್ಟೆ ಕಸಿದುಕೊಂಡೆ. ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿದೆ. ಎಣ್ಣೆಗಾಯಿಯ ಪಾತ್ರೆಯನ್ನೇ ಎತ್ತಿ ಸೌಟಿನೊಂದಿಗೆ ಹೊರಟೆ. ಹೋಟೆಲಿನವನು "ಅಜ್ಜಿ, ಪಾತ್ರಿ ಒಯ್ಯಬ್ಯಾಡ್ರಿ" ಎಂದು ಹಿಂದೆ ಓಡಿ ಬಂದ. ಅವನಿಗೆ ರೊಟ್ಟಿಯ ಬುಟ್ಟಿ ಹಿಡಿಸಿದೆ. ಪಾಪ, ಹಿಡಿದ. ಮೊಣಕಾಲು? ಅಂಥದೊಂದು ನನಗೆ ಇದೆ ಎಂಬುದೇ ಮರೆತಿತ್ತು.

ನಮ್ಮ ಕಡೆಯ ಪದ್ಧತಿ ಗೊತ್ತಿರುವವರಿಗೆ ಗೊತ್ತು. ಉಣ್ಣುವವರು ಮೂರು ಸಲ ಬೇಡ ಅನ್ನುವುದು ಮರ್ಯಾದೆ. ಮೂರೂ ಸಲ ಬಡಿಸುವುದು ಬಡಿಸುವವರ ಮರ್ಯಾದೆ. ಬೀಗರ ತಟ್ಟೆ ಖಾಲಿ ಕಂಡರೆ ಮನೆತನದ ಮಾನ ಹೋಯಿತು. ಬಸಲಿಂಗಪ್ಪನವರ ತಟ್ಟೆ ನಾನು ಬಡಿಸಿ ಆಚೆ ಹೋಗಿ ಬರುವಷ್ಟರಲ್ಲಿ ಖಾಲಿ! ಒಂದು ಅಗಳು ಇಲ್ಲ. ಎಂಥ ಹಸಿವು, ಎಂಥ ಊಟ ಎಂದು ನನಗೆ ಖುಷಿಯೋ ಖುಷಿ. ಮತ್ತೆ ತುಂಬಿದೆ. ಅವರು ಒಮ್ಮೆ ಗೋಡೆಯ ಬೋರ್ಡು ನೋಡಿದರು, ಒಮ್ಮೆ ನನ್ನ ಸೌಟು ನೋಡಿದರು, ತಲೆ ತಗ್ಗಿಸಿ ಉಂಡರು. ಮತ್ತೆ ಖಾಲಿ. ಮತ್ತೆ ತುಂಬಿದೆ.

ಅಷ್ಟರಲ್ಲಿ ಬಾಜು ಟೇಬಲಿನ ಮರಾಠಿ ಸಂಸಾರದವರು ಕೈ ಎತ್ತಿದರು: "ಓ ಆಜಿ, ಇಕಡೆ ಪಣ ಭಾತ್ ದ್ಯಾ!" ಅನ್ನ ಕೇಳಿದವರಿಗೆ ಇಲ್ಲ ಅನ್ನಲಾಗುತ್ತದೆಯೇ? ಬಡಿಸಿದೆ. ಅವರ ಆಚೆಯವರು ಸಾರು ಕೇಳಿದರು. ಅದನ್ನೂ ಬಡಿಸಿದೆ. ಗೋವಾದ ಚಡ್ಡಿ ಹುಡುಗ ಹೋಗುವಾಗ ನನ್ನ ಮುಷ್ಟಿಯಲ್ಲಿ ಹತ್ತು ರೂಪಾಯಿಯ ನೋಟು ಇಟ್ಟು "ಥ್ಯಾಂಕ್ಯೂ ಆಂಟಿ" ಅಂದ. ನಾನು ಬೆಪ್ಪಾಗಿ ನಿಂತೆ! ಹುಡುಗಿಯ ಅಜ್ಜಿಗೆ ಬಕ್ಷೀಸು! ಬೀಗರು ನೋಡಿದರೇನೋ ಎಂದು ಗಾಬರಿಯಾಗಿ ಕುಪ್ಪಸದಲ್ಲಿ ಸೇರಿಸಿದೆ.

"ಬಸ್ ಕರೋ ನೀಲಕ್ಕಾ," ಎಂದು ಮುಮ್ತಾಜ್‌ಬಿ ಪಿಸುಗುಟ್ಟಿದಳು. "ಅವರ ಮಾರಿ ನೋಡು. ಬೆವರಾಕತ್ಯಾರ."

"ಖಾರಕ್ಕ."

"ಹೋಳಿಗಿ ತಿಂದ್ರ ಖಾರ ಹತ್ತತೈತೇನ?"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದದ್ದು ಕುಂದಾ ಒಂದೇ.

"ಸಾಕ್ರೀ ಅವ್ವಾರ," ಅಂದರು ಬಸಲಿಂಗಪ್ಪ. ಬಂದಾಗಿನಿಂದ ಅವರು ಆಡಿದ ಮೊದಲನೆಯ ಮಾತು ಅದು.

"ಬೆಳಗಾವಿಗೆ ಬಂದು ಕುಂದಾ ಬ್ಯಾಡ ಅಂದ್ರ ಹೆಂಗರಿ? ಶಹರದ ಮಂದಿ ಚಹಾ ಕುಡಿಸಿ ಕಳಿಸಿದ್ರು ಅನ್ನಾಕ ನಿಮಗ ಛಲೋ ಆಗತೈತಿ!" ಎಂದು ಗಂಗವ್ವನ ಕಡೆ ಒಂದು ನೋಟ ಎಸೆದು, ಸೌಟು ತುಂಬ ಕುಂದಾ ಹಾಕಿದೆ.

ಅವರು ಉಂಡರು. ತಟ್ಟೆಯನ್ನು ಬೆರಳಿನಿಂದ ಒರೆಸಿ ಸ್ವಚ್ಛ ಮಾಡಿದರು. ಖಾಲಿ ತಟ್ಟೆ! ನಾನು ಇನ್ನೊಂದು ಸೌಟು ಹಾಕಿದೆ. ಅದನ್ನು ನೋಡಿದ ಅವರ ಕಣ್ಣು ಹಾಗೇ ನಿಂತಿತು. ಪಟಕಾ ಒಂದು ಕಡೆ, ಅವರು ಇನ್ನೊಂದು ಕಡೆ ಮೆಲ್ಲಗೆ ವಾಲಿದರು. ಗೋಡೆ ಕುಸಿದಂತೆ ಕುರ್ಚಿಯಿಂದ ನೆಲಕ್ಕೆ ಬಂದರು!

ಹೋಟೆಲಿಗೆ ಹೋಟೆಲೇ ಎದ್ದು ನಿಂತಿತು. ಗಂಗವ್ವ "ಅಗ ಬಾಯೀ!" ಎಂದು ಚೀರಿದರು. ಹುಡುಗ ಅಜ್ಜನ ಅಂಗಾಲು ತಿಕ್ಕಿದ. ಅಕ್ಷತಾ ನನ್ನನ್ನು ನೋಡಿದಳು. ಬೈಯಲಿಲ್ಲ, ಸುಮ್ಮನೆ ನೋಡಿದಳು. ಎಂಥ ಬೈಗುಳವನ್ನಾದರೂ ಅರಗಿಸಿಕೊಳ್ಳುವವಳು ನಾನು. ಆ ನೋಟ ಅರಗಲಿಲ್ಲ. ಸೌಟು ಇನ್ನೂ ನನ್ನ ಕೈಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ವೈರು ಹಚ್ಚಿ ನೋಡಿ, "ಹಾರ್ಟ್ ಛಲೋ ಐತಿ. ಏನೇನು ತಿಂದಾರು?" ಎಂದು ಕೇಳಿದರು. ನಾನು ಹೇಳತೊಡಗಿದೆ. ಅವರು ಬರೆಯತೊಡಗಿದರು. ಹೋಳಿಗೆಯ ಹತ್ತಿರ ಬಂದಾಗ ಪೆನ್ನು ಕೆಳಗಿಟ್ಟರು.

"ಅಜ್ಜಿ, ಇದು ಇವರೊಬ್ಬರ ತಿಂದದ್ದೋ, ಇಡೀ ಮನಿಯವರು ಕೂಡಿ ತಿಂದದ್ದೋ?"

"ಇನ್ನೂ ಕುಂದಾ ಹೇಳಿಲ್ಲರೀ," ಅಂದೆ.

ಇಂಜೆಕ್ಷನ್ ಕೊಟ್ಟ ಮೇಲೆ ಬಸಲಿಂಗಪ್ಪ ಡರ್ರನೆ ಒಂದು ದೊಡ್ಡ ತೇಗು ತೇಗಿದರು. ವಾರ್ಡಿನಲ್ಲಿ ಎಲ್ಲರಿಗೂ ಜೀವ ಬಂತು.

"ಒಲ್ಲೆ ಅಂದು ಬಿಡಬಾರದಾಗಿತ್ತೇನ್ರಿ?" ಎಂದು ಗಂಗವ್ವ ಗಂಡನ ಮೇಲೆ ಹರಿಹಾಯ್ದರು.

"ತಟ್ಟಿಗೆ ಬಿದ್ದದ್ದು ಪ್ರಸಾದ. ಬಿಡಾಕ ಬರತೈತೇನು?" ಅಂದರು ಅವರು ಮೆಲ್ಲಗೆ. "ಮತ್ತ ಬೋರ್ಡ್ ಇತ್ತಲ್ಲ. ನಾ ಬಿಟ್ಟರ ಇವರಿಗೆ ದಂಡ."

ಆಗ ನನ್ನ ತಲೆಗೆ ಹೊಳೆಯಿತು. ಅವರು ಖಾಲಿ ಮಾಡಿದ್ದು ಹಸಿವಿಗಲ್ಲ. ನಾನು ಹಾಕಿದೆನೆಂದು ಅವರು ಉಂಡರು, ಅವರು ಉಂಡರೆಂದು ನಾನು ಹಾಕಿದೆ! ಇದರಲ್ಲಿ ನಿಲ್ಲಿಸುವವರು ಯಾರು? ನನ್ನ ಗಂಡನೂ ಬದುಕಿದ್ದಷ್ಟು ದಿನ ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಕುಡಿದವರು. ಅಂಥವರಿಗೆ ಜನ್ಮವಿಡೀ ಬಡಿಸಿದವಳು ನಾನು. ಆದರೆ ಸೌಟು ಹಿಡಿದವಳ ಕಣ್ಣಿಗೆ ಖಾಲಿ ತಟ್ಟೆ ಬಿಟ್ಟರೆ ಮತ್ತೇನೂ ಕಾಣುವುದಿಲ್ಲ.

ಸಂಜೆ ಅವರು ಕಾರು ಮಾಡಿಕೊಂಡು ಖಾನಾಪುರಕ್ಕೆ ಹೋದರು. ಮದುವೆಯ ಮಾತು ಯಾರೂ ಎತ್ತಲಿಲ್ಲ. ಅಕ್ಷತಾ ಕೋಣೆಯ ಬಾಗಿಲು ಹಾಕಿಕೊಂಡಳು. ಹೋಟೆಲಿನ ಬಿಲ್ಲಿನಲ್ಲಿ ದಂಡ ಬೇರೆ ಬಂದಿತ್ತು, ಆ ಕೊನೆಯ ಸೌಟು ಕುಂದಾದ್ದು!

ಮರುದಿನ ಬೆಳಿಗ್ಗೆ ಎದ್ದು ಅಕ್ಕಿಯ ಗಂಜಿ ಕಾಯಿಸಿ, ಡಬ್ಬಿಗೆ ಹಾಕಿಕೊಂಡು ಯಾರಿಗೂ ಹೇಳದೆ ಖಾನಾಪುರದ ಬಸ್ಸು ಹತ್ತಿದೆ. ಬಸಲಿಂಗಪ್ಪ ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ನೋಡಿದ್ದೇ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡರು.

"ಗಂಜಿರೀ," ಅಂದೆ. "ಸೌಟು ತಂದಿಲ್ಲ."

ಅವರು ಡಬ್ಬಿ ತೆಗೆದುಕೊಂಡರು. ಅಷ್ಟರಲ್ಲಿ ಗಂಗವ್ವ ನನ್ನ ಮುಂದೆ ತಟ್ಟೆ ಇಟ್ಟರು. ಹೋಳಿಗೆ. ನಾನು ಬೇಡ ಅಂದೆ, ಒಂದು ಬಿತ್ತು. ಖರೇನೇ ಬೇಡ ಅಂದೆ, ಎರಡು ಬಿದ್ದವು. ಎದುರಿಗೆ ಬಸಲಿಂಗಪ್ಪ ಗಂಜಿ ಗುಟುಕರಿಸುತ್ತ, ಹಬ್ಬದ ಆಟ ನೋಡಿದಂತೆ ನನ್ನನ್ನೇ ನೋಡುತ್ತಿದ್ದರು.

"ಬಿಡಬ್ಯಾಡ್ರಿ ಅವ್ವಾರ, ದಂಡ ಐತಿ," ಅಂದರು.

ನಾನು ಉಂಡೆ. ತಟ್ಟೆಯನ್ನು ಬೆರಳಿನಿಂದ ಒರೆಸಿದೆ. ಗಂಗವ್ವ ಮತ್ತೆ ಹಾಕಿದರು.

"ಹುಡುಗಿ ನಮಗ ಪಸಂದ್ ಐತಿ," ಅಂದರು ಬಸಲಿಂಗಪ್ಪ, ಡಬ್ಬಿ ಕೆಳಗಿಟ್ಟು. "ಇಷ್ಟು ಜೀವಾ ಹಾಕಿ ಉಣಿಸೋ ಮನಿ ಬಿಡಾಕ ಆಗೂದಿಲ್ಲ. ಆದ್ರ ಲಗ್ನದಾಗ ಊಟ ಬಫೆ ಇಡೂಣು. ಯಾರಿಗೆ ಎಷ್ಟು ಬೇಕೋ ಅಷ್ಟು ಅವರ ಹಾಕ್ಕೊಳ್ಳಲಿ. ನಿಮ್ಮ ಕೈಯಾಗ ಸೌಟು ಕಂಡ್ರ ನಾ ಮಂಟಪದಿಂದ ಎದ್ದು ಓಡತೀನಿ ನೋಡ್ರಿ."

ಒಂದು ತಕ್ಕ ಉತ್ತರ ಕೊಡಬೇಕು ಅನ್ನಿಸಿತು. ಬಾಯಿ ತುಂಬ ಹೋಳಿಗೆ ಇತ್ತು. ಹ್ಞೂಂ ಎಂದು ತಲೆ ಆಡಿಸಿದೆ.