ಹಿನೋಸೆ ನಗರದ ಒಬ್ಬನೇ ಪ್ರವಾಸಿ

ಮಾರ್ಚಿಗೆ ಮುಗಿದ ಆ ವರ್ಷದಲ್ಲಿ ಹಿನೋಸೆ ನಗರಕ್ಕೆ ಆಗಮಿಸಿದ ಪ್ರವಾಸಿಗರ ಒಟ್ಟು ಸಂಖ್ಯೆ ಒಂದು. ಈ ಅಂಕಿಯನ್ನು ನಗರ ಕಚೇರಿಯ ಪ್ರವಾಸಿ ಸ್ವಾಗತ ವಿಭಾಗವು ಮೂರು ಸಲ ಎಣಿಸಿ, ಇಬ್ಬರು ಅಧಿಕಾರಿಗಳ ಮೊಹರು ಹಾಕಿ ದೃಢೀಕರಿಸಿರುವುದರಿಂದ ಇದರಲ್ಲಿ ಸಂಶಯಪಡಲು ಆಸ್ಪದವಿಲ್ಲ.

ಆ ಒಂದು ಎಂದರೆ ಕುವಾನೊ ತೊಕುಜಿ. ವಯಸ್ಸು ಅರವತ್ತಾರು. ರೈಲಿನಲ್ಲಿ ಮೂವತ್ತೆಂಟು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮೊಣಕಾಲು ನೋವು ಶುರುವಾಗಿಯೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಎರಡು ದಿನ ಉಳಿದು, ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಮುಳುಗಿಸಿ, ಸುಟ್ಟ ನದಿಮೀನು ತಿಂದು ಮೂರನೆಯ ದಿನ ಬೆಳಿಗ್ಗೆ ಹೊರಟುಬಿಡುವುದೆಂದು ಲೆಕ್ಕ ಹಾಕಿ ಅವನು ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ ಹಿನೋಸೆ ನಿಲ್ದಾಣದಲ್ಲಿ ಇಳಿದ.

ಇಳಿದ ಕೂಡಲೇ ಏಳು ಜನರ ವಾದ್ಯವೃಂದವೊಂದು ಬಾರಿಸತೊಡಗಿತು. ತೊಕುಜಿ ಯಾರು ಬಂದರೋ ಎಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ರೈಲು ಕೂಡ ಹೊರಟುಹೋಗಿತ್ತು.

"ಬನ್ನಿ ಬನ್ನಿ, ದಯಮಾಡಿಸಿ!" ಎನ್ನುತ್ತ ಕರಿಕೋಟಿನ ಮನುಷ್ಯನೊಬ್ಬ ಸೊಂಟ ಬಗ್ಗಿಸಿ, ಬಗ್ಗಿಸಿದವನು ಮೇಲೇಳಲೇ ಇಲ್ಲ. ಆತ ಸ್ವಾಗತ ವಿಭಾಗದ ಮುಖ್ಯಸ್ಥ ಮುನಕಾತ. "ನೀವು ಪ್ರವಾಸಿ ತಾನೆ? ತಪ್ಪಿ ಇಳಿದವರಲ್ಲ ತಾನೆ? ಹೋದ ತಿಂಗಳು ಒಬ್ರು ತಪ್ಪಿ ಇಳಿದುಬಿಟ್ಟಿದ್ರು. ನಾವು ಹಾರ ಹಾಕಿ ಆಮೇಲೆ ವಾಪಸ್ ತಗೋಬೇಕಾಯ್ತು."

"ಸ್ನಾನಕ್ಕೆ ಬಂದಿದೀನಿ," ಎಂದ ತೊಕುಜಿ.

ಮುನಕಾತ ಹೀಗೆ ಬಗ್ಗುವುದಕ್ಕೆ ಕಾರಣವಿತ್ತು. ಪ್ರವಾಸಿಗರಿಲ್ಲದ ನಗರಕ್ಕೆ ಪ್ರವಾಸಿ ವಿಭಾಗ ಇರತಕ್ಕದ್ದಲ್ಲ ಎಂದು ಮೇಲಿನ ಕಚೇರಿಯಿಂದ ಆದೇಶ ಬಂದಿತ್ತು. ಹಿನೋಸೆಯ ಸ್ವಾಗತ ವಿಭಾಗಕ್ಕೆ ನಾಲ್ಕು ಅಂತಸ್ತಿನ ಸ್ವಂತ ಕಟ್ಟಡವಿತ್ತು, ಹದಿನಾಲ್ಕು ಮಂದಿ ನೌಕರರಿದ್ದರು. ಮಾರ್ಚ್ ಮುಗಿಯುವುದರೊಳಗೆ ಯಾರೂ ಬಾರದಿದ್ದರೆ ಕಟ್ಟಡವನ್ನು ಹಿಮ ತೆಗೆಯುವ ಸಲಿಕೆಗಳ ಉಗ್ರಾಣವನ್ನಾಗಿ ಪರಿವರ್ತಿಸುವುದೆಂದು ತೀರ್ಮಾನವಾಗಿ, ಸಲಿಕೆಗಳು ಆಗಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದವು.

ತೊಕುಜಿ ಮಿಂದ. ಮೀನು ತಿಂದ. ಇಪ್ಪತ್ತೇಳು ಪುಟಗಳ ಅಭಿಪ್ರಾಯ ನಮೂನೆಯನ್ನು, ತಾನೂ ಒಂದು ಕಾಲದಲ್ಲಿ ನಮೂನೆಗಳನ್ನು ಪ್ರೀತಿಸಿದವನಾದ್ದರಿಂದ, ಒಂದು ಕಲಮನ್ನೂ ಬಿಡದೆ ತುಂಬಿದ. ಮರುದಿನ ಬೆಳಿಗ್ಗೆ ಊರಿನ ಸೂಚನಾ ಫಲಕಗಳಲ್ಲೆಲ್ಲ ಈ ಪ್ರಕಟಣೆ ಕಾಣಿಸಿತು:

"ಸಮಸ್ತ ನಾಗರಿಕರ ಗಮನಕ್ಕೆ. ನಮ್ಮ ನಗರಕ್ಕೆ ಬರುವ ಪ್ರವಾಸಿಗರ ಪೈಕಿ ಶೇಕಡಾ ನೂರರಷ್ಟು ಮಂದಿ ಪುರುಷರು. ಶೇಕಡಾ ನೂರರಷ್ಟು ಮಂದಿಗೆ ಮೊಣಕಾಲು ನೋವಿದೆ. ಶೇಕಡಾ ನೂರರಷ್ಟು ಮಂದಿ ನಮ್ಮ ಊರಿನ ಸಾರಿನಲ್ಲಿ ಉಪ್ಪು ಜಾಸ್ತಿಯೆಂದು ತಿಳಿಸಿದ್ದಾರೆ. ಪರಿಸ್ಥಿತಿಯ ಗಾಂಭೀರ್ಯವನ್ನು ಮನಗಂಡು ಇಂದಿನಿಂದ ಎಲ್ಲ ಅಡುಗೆಮನೆಗಳಲ್ಲಿ ಉಪ್ಪನ್ನು ಅರ್ಧಕ್ಕಿಳಿಸತಕ್ಕದ್ದು."

ನಾನೂರು ವರ್ಷಗಳಿಂದ ಉಪ್ಪುಪ್ಪಾಗಿ ಉಂಡುಕೊಂಡಿದ್ದ ಊರು ಆ ದಿನ ಸಪ್ಪೆ ಉಂಡಿತು. ದೇಗುಲದ ನೂರಾ ಎಂಟು ಮೆಟ್ಟಿಲುಗಳ ಮೇಲೆ ಮೊಣಕಾಲಿಗೆ ಅನುಕೂಲವಾಗಲೆಂದು ಹಲಗೆ ಜೋಡಿಸಿ ಇಳಿಜಾರು ಮಾಡಲಾಯಿತು. ಹಿಮ ಬಿದ್ದ ಮೇಲೆ ಆ ಹಲಗೆಗಳ ಮೇಲೆ ಹತ್ತಿದವರಿಗಿಂತ ಜಾರಿದವರೇ ಹೆಚ್ಚು. ಊರಿನವರು ತೊಕುಜಿಯನ್ನು ಕಂಡಾಗ ನಗುಮುಖದಿಂದ ತಲೆಬಾಗುತ್ತಿದ್ದರು, ಅವನು ದಾಟಿದ ಮೇಲೆ "ನೂರಕ್ಕೆ ನೂರು ಹೋದ ನೋಡು" ಎನ್ನುತ್ತಿದ್ದರು.

ಆದೇಶಕ್ಕೆ ಬಗ್ಗದೆ ಉಳಿದದ್ದು ಒಂದೇ ಅಡುಗೆಮನೆ. ಸೇತುವೆ ಪಕ್ಕದಲ್ಲಿ ಇರಿಯೆ ಫುಕಿ ಎಂಬ ಅರವತ್ತೊಂದು ವರ್ಷದ ವಿಧವೆ ಸೋಬಾ ಶಾವಿಗೆಯ ಅಂಗಡಿ ನಡೆಸುತ್ತಿದ್ದಳು. ತೊಕುಜಿ ಅಲ್ಲಿ ಕೂತು ಒಂದು ಗುಟುಕು ಸಾರು ಹೀರಿ ಮುಖ ಕಿವುಚಿದ.

"ಏನು, ಉಪ್ಪು ಜಾಸ್ತಿಯಾ?" ಎಂದಳು ಫುಕಿ ಒಲೆಯ ಕಡೆಯಿಂದಲೇ.

"ಸ್ವಲ್ಪ."

"ನೀರು ಕುಡೀರಿ."

"ನಗರದ ಆದೇಶ ಇದೆಯಂತಲ್ಲ..."

"ನೋಡ್ರೀ ನೂರಕ್ಕೆ ನೂರು ಅವರೇ, ನಮ್ಮಜ್ಜಿ ಹಾಕ್ತಿದ್ದಷ್ಟೇ ನಾನು ಹಾಕೋದು. ನಿಮ್ಮೊಬ್ಬರ ನಾಲಿಗೆಗೆ ಊರೆಲ್ಲ ಸಪ್ಪೆ ತಿನ್ನಬೇಕಾ? ಮೂವತ್ತೊಂದು ಸಾವಿರ ಜನ ಶಾಪ ಹಾಕ್ತಿದಾರೆ, ನಿಮಗೆ ರಾತ್ರಿ ಬಿಕ್ಕಳಿಕೆ ಬರಲ್ವಾ?"

ಒಂಬತ್ತು ವರ್ಷಗಳಿಂದ ತೊಕುಜಿಯನ್ನು ಯಾರೂ ಬೈದಿರಲಿಲ್ಲ. ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸಾರನ್ನು ತಳ ಕಾಣುವವರೆಗೆ ಕುಡಿದ. ಎರಡು ಲೋಟ ನೀರನ್ನೂ ಕುಡಿದ. ಹೊರಟವನು ಬಾಗಿಲ ಹತ್ತಿರ ನಿಂತು, "ನಾಳೆ ಎಷ್ಟು ಹೊತ್ತಿಗೆ ತೆಗೀತೀರಿ?" ಎಂದು ಕೇಳಿದ. ನಾಳೆ ಬೆಳಗಿನ ರೈಲಿಗೆ ಟಿಕೆಟ್ ಅವನ ಜೇಬಿನಲ್ಲೇ ಇತ್ತು.

ಆ ರೈಲು ಹೋಯಿತು, ತೊಕುಜಿ ಹೋಗಲಿಲ್ಲ. ಅದೇ ವಾರದ ಭಾನುವಾರ ಬಿಸಿನೀರೆರಚುವ ಹಬ್ಬ ಬಂದಿತು. ಹೊರಗಿನಿಂದ ಬಂದವರ ಮೇಲೆ ಬುಗ್ಗೆಯ ನೀರೆರಚಿದರೆ ಬುಗ್ಗೆ ವರ್ಷವಿಡೀ ಬತ್ತುವುದಿಲ್ಲ ಎಂಬುದು ಊರಿನ ನಂಬಿಕೆ. ಮೂವತ್ತೆಂಟು ಬೀದಿಗಳ ಗಂಡಸರು ಲಂಗೋಟಿ ಕಟ್ಟಿ, ತಲೆಗೆ ಪಟ್ಟಿ ಸುತ್ತಿ, "ವಸ್ಶೊಯ್! ವಸ್ಶೊಯ್!" ಎಂದು ಕೂಗುತ್ತ ಮರದ ಪೀಪಾಯಿಗಳನ್ನು ಹೊತ್ತು ಬಂದರು. ಹೊರಗಿನವರ ಸಾಲಿನಲ್ಲಿ ತೊಕುಜಿ ಒಬ್ಬನೇ ನಿಂತಿದ್ದ. ಪ್ರತಿ ಬೀದಿಗೂ ಒಂದು ಪೀಪಾಯಿಯ ಹಕ್ಕು ಇತ್ತು. ಹಕ್ಕು ಬಿಟ್ಟುಕೊಡಲು ಯಾವ ಬೀದಿಯೂ ತಯಾರಿರಲಿಲ್ಲ. ಸಪ್ಪೆ ಊಟದ ಸಿಟ್ಟೂ ಕೆಲವರಲ್ಲಿತ್ತೆಂದು ಹೇಳುವವರಿದ್ದಾರೆ. ಇಪ್ಪತ್ತನೆಯ ಪೀಪಾಯಿಯ ಹೊತ್ತಿಗೆ ತೊಕುಜಿ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದ. ಮೂವತ್ತೆಂಟನೆಯದು ಮುಗಿದಾಗ ಮುನಕಾತ ಧ್ವನಿವರ್ಧಕ ಹಿಡಿದು, "ತಲಾ ಪ್ರವಾಸಿಗೆ ಎರೆದ ನೀರಿನ ಪ್ರಮಾಣದಲ್ಲಿ ನಮ್ಮ ನಗರ ಇಂದು ದಾಖಲೆ ಸ್ಥಾಪಿಸಿದೆ" ಎಂದು ಘೋಷಿಸಿದ.

ಫುಕಿ ಜನರನ್ನು ತಳ್ಳಿಕೊಂಡು ಬಂದು ಅವನ ತಲೆಯ ಮೇಲೆ ಒಂದು ದಪ್ಪ ಟವಲು ಹಾಕಿದಳು.

"ಬಾಯಿ ಬಿಟ್ಟು ಸಾಕು ಅನ್ನೋಕೆ ಏನಾಗಿತ್ತು?"

"ಎಲ್ಲಾರದ್ದೂ ಸರದಿ ಇತ್ತಲ್ಲ," ಎಂದ ತೊಕುಜಿ ಹಲ್ಲು ಕಟಕಟಿಸುತ್ತ. ಬಿಸಿನೀರು ಆಗಲೇ ಅವನ ಹುಬ್ಬಿನ ಮೇಲೆ ಮಂಜುಗಡ್ಡೆಯಾಗುತ್ತಿತ್ತು.

ಅವಳು ಅವನನ್ನು ಅಂಗಡಿಗೆ ಕರೆದೊಯ್ದು ಒಲೆಯ ಪಕ್ಕ ಕೂರಿಸಿ, ಬಿಸಿ ಸಾಕೆ ಮದ್ಯ ಕುಡಿಸಿದಳು. ಅಲ್ಲಿಂದ ಮುಂದೆ ಅವನು ದಿನವೂ ಬಂದ. ಮೊದಲು ತಿಂದ, ಆಮೇಲೆ ಬಟ್ಟಲು ತೊಳೆದ, ಆಮೇಲೆ ಹಿಟ್ಟು ನಾದಲು ಕಲಿತ. ಮೇ ತಿಂಗಳ ಹೊತ್ತಿಗೆ ಹಿನೋಸೆಯಲ್ಲಿ ಪ್ರವಾಸಿಗರ ಸರಾಸರಿ ತಂಗುವಿಕೆ ತೊಂಬತ್ತು ದಿನ ದಾಟಿ, ಬೇರೆ ನಗರಗಳ ಅಧಿಕಾರಿಗಳು ಇದರ ಗುಟ್ಟೇನೆಂದು ತಿಳಿಯಲು ಅಧ್ಯಯನ ತಂಡಗಳನ್ನು ಕಳಿಸಿದರು. ಆ ತಂಡಗಳು ಒಂದು ದಿನವೂ ತಂಗದೆ ಹಿಂತಿರುಗಿದ್ದರಿಂದ ಅವರನ್ನು ಎಣಿಸಲಾಗಲಿಲ್ಲ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ತೊಕುಜಿ ಹಿಟ್ಟು ನಾದುತ್ತಾ ಕೈಯನ್ನೇ ನೋಡಿಕೊಂಡು, "ನಾವು ಮದುವೆ ಆದ್ರೆ ಹೇಗೆ?" ಎಂದ.

"ಹಿಟ್ಟು ಗಟ್ಟಿಯಾಗ್ತಿದೆ, ನೀರು ಹಾಕಿ," ಎಂದಳು ಫುಕಿ. ತಾನೇ ಒಂದಿಷ್ಟು ನೀರು ಸುರಿದು, "ಆಗೋಣ," ಎಂದಳು.

ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ನಗರ ಕಚೇರಿಗೆ ಹೋದರು. ಕಿಟಕಿಯ ಹಿಂದಿದ್ದವನು ಅರ್ಜಿ ನೋಡಿ ಬಿಳಿಚಿಕೊಂಡು ಮುನಕಾತನಿಗೆ ಫೋನು ಮಾಡಿದ. ಮುನಕಾತ ನಾಲ್ಕು ಅಂತಸ್ತು ಓಡಿ ಇಳಿದು ಬಂದ.

"ಮದುವೆಗೆ ನಮ್ಮದೇನೂ ಆಕ್ಷೇಪಣೆ ಇಲ್ಲ," ಎಂದ ಏದುಸಿರು ಬಿಡುತ್ತ. "ನಿಮ್ಮ ಸುಖವೇ ನಮ್ಮ ಸುಖ. ಆದರೆ ಹನ್ನೊಂದನೇ ನಿಯಮ ಓದಿಬಿಡ್ತೀನಿ, ಕೇಳಿ: 'ನಗರ ನಿವಾಸಿಯಾದ ಹೆಂಡತಿಯ ಮನೆಯಲ್ಲಿ ಮಲಗುವಾತನು ಗಂಡನೇ ಹೊರತು ಪ್ರವಾಸಿಯಲ್ಲ.'"

"ಇರಲಿ ಬಿಡಿ, ಗಂಡನೇ ಆಗಿರ್ತೀನಿ."

"ಕುವಾನೊ ಅವರೇ, ನೀವು ಗಂಡನಾದ ದಿನ ಈ ಊರಿನ ಪ್ರವಾಸೋದ್ಯಮ ನೂರಕ್ಕೆ ನೂರು ನೆಲಕಚ್ಚುತ್ತೆ. ನಾವು ಹದಿನಾಲ್ಕು ಜನ ಬೀದಿಗೆ ಬೀಳ್ತೀವಿ. ಅದರಲ್ಲಿ ಒಂಬತ್ತು ಜನಕ್ಕೆ ಮದುವೆ ಆಗಿದೆ. ಒಂದು ಮದುವೆಗೋಸ್ಕರ ಒಂಬತ್ತು ಸಂಸಾರ ಹಾಳು ಮಾಡ್ತೀರಾ?"

ಟಿಕೆಟ್ ಇಲ್ಲವೆಂದು ಸ್ವಂತ ಅಣ್ಣನನ್ನೇ ಸುರಿಯುವ ಹಿಮದಲ್ಲಿ ನಡುನಿಲ್ದಾಣದಲ್ಲಿ ಇಳಿಸಿದ್ದವನು ತೊಕುಜಿ. ನಿಯಮವೆಂದರೆ ನಿಯಮ. ಅವನು ಅರ್ಜಿಯನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು ಹೊರಬಂದ. ಎಂಟು ದಿನ ಅವನು ಅಂಗಡಿಯಲ್ಲಿ ಕೂತು ತಿಂದು, ವಸತಿಗೃಹಕ್ಕೆ ಹೋಗಿ ಮಲಗಿ, ಪ್ರವಾಸಿಯ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿದ. ಆದರೆ ಸಾರಿಗೆ ಉಪ್ಪು ಜಾಸ್ತಿಯೋ ಕಡಿಮೆಯೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಒಂಬತ್ತನೆಯ ದಿನ ಹೋಗಿಬಿಡುವುದೇ ವಾಸಿಯೆಂದು ಪೆಟ್ಟಿಗೆ ಕಟ್ಟಿದ.

ಪೆಟ್ಟಿಗೆ ಹಿಡಿದು ಹೇಳಿಹೋಗಲು ಬಂದವನನ್ನು ಫುಕಿ ಮೇಲಿಂದ ಕೆಳಗೆ ನೋಡಿದಳು.

"ಹೆಂಡತಿ ಊರಿನವಳಾದ್ರೆ ತಾನೆ ನೀವು ಪ್ರವಾಸಿ ಅಲ್ಲ? ಹೆಂಡತಿಯೂ ಪ್ರವಾಸಿ ಆದ್ರೆ?"

"ನೀನು ಇಲ್ಲೇ ಹುಟ್ಟಿದವಳಲ್ವೇ?"

"ಹುಟ್ಟಿದ್ದು ಯಾರು ಕೇಳ್ತಾರೆ? ಕಾಗದದಲ್ಲಿ ಏನಿದೆ ಅಂತ ಕೇಳ್ತಾರೆ. ಪಕ್ಕದ ಓಟಾಬೆ ಊರಲ್ಲಿ ನನ್ನ ತಂಗಿ ಇದಾಳೆ. ಅವಳ ವಿಳಾಸಕ್ಕೆ ಬರೆಸಿಕೊಂಡುಬಿಡ್ತೀನಿ. ಪೆಟ್ಟಿಗೆ ಕೆಳಗಿಡಿ, ಈರುಳ್ಳಿ ಹೆಚ್ಚಿ."

ಊರು ಬಿಡುವ ಅರ್ಜಿಯಲ್ಲಿ 'ಬಿಡಲು ಕಾರಣ' ಎಂಬ ಕಲಮಿತ್ತು. ಲೇಖನಿ ಹಿಡಿದ ಫುಕಿಯ ಕೈ ಅಲ್ಲಿ ಬಹಳ ಹೊತ್ತು ನಿಂತಿತು. ಅದೇ ಕಿಟಕಿಯಲ್ಲಿ ಅವಳು ಗಂಡನ ಸಾವನ್ನು ಬರೆಸಿದ್ದಳು, ಅದೇ ಕಿಟಕಿಯಲ್ಲಿ ಅವಳ ಅಪ್ಪ ಅವಳ ಹುಟ್ಟನ್ನು ಬರೆಸಿದ್ದ. ಕೊನೆಗೆ 'ಈ ಊರಲ್ಲೇ ಇರಲು' ಎಂದು ಬರೆದು ಮೊಹರು ಒತ್ತಿದಳು. ಗುಮಾಸ್ತ ಅದನ್ನು ಓದಿ, ಕಲಮು ಖಾಲಿ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ಸ್ವೀಕರಿಸಿದ.

ಮರುದಿನ ಓಟಾಬೆಯಿಂದ ರೈಲಿನಲ್ಲಿ ಬಂದಿಳಿದ ಫುಕಿಯನ್ನು ಏಳು ಜನರ ವಾದ್ಯವೃಂದ ಎದುರುಗೊಂಡಿತು. ಡೋಲು ಬಡಿಯುವವನು ಅವಳ ಎದುರು ಮನೆಯವನೇ. "ಮೊದಲನೇ ಸಲ ಬರ್ತಿದೀರಾ?" ಎಂದು ನಮೂನೆ ನೋಡಿ ಕೇಳಿದ. "ಹ್ಞೂಂ ಕಣೋ," ಎಂದಳು ಫುಕಿ. ಸಂಜೆ ಪ್ರಕಟಣೆ ಹೊರಬಿತ್ತು: ಒಂದೇ ದಿನದಲ್ಲಿ ಪ್ರವಾಸಿಗರ ಸಂಖ್ಯೆಯಲ್ಲಿ ಶೇಕಡಾ ನೂರರಷ್ಟು ಏರಿಕೆ. ಮುನಕಾತನಿಗೆ ಪದಕ ಬಂತು. ಮದುವೆಯನ್ನು ದೇಗುಲದಲ್ಲಿ 'ಪ್ರವಾಸಿಗರಿಗಾಗಿ ವಿವಾಹ ಅನುಭವ' ಎಂಬ ಕಾರ್ಯಕ್ರಮದಡಿ ನೆರವೇರಿಸಲಾಯಿತು. ಗಂಡಹೆಂಡಿರು ಸೋಬಾ ಅಂಗಡಿಯ ಮಹಡಿಯಲ್ಲಿ ಅತಿಥಿಗಳಾಗಿ ನೆಲೆಸಿದರು.

ಎಲ್ಲವೂ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಡಿಸೆಂಬರಿನಲ್ಲಿ ಹಿಮ ಬಿತ್ತು. ಪ್ರವಾಸಿಗರು ತಂಗಿರುವ ಸ್ಥಳದೆದುರಿನ ಹಿಮವನ್ನು ಒಂದು ಗಂಟೆಯೊಳಗೆ ತೆರವುಗೊಳಿಸತಕ್ಕದ್ದು, ನಿವಾಸಿಗಳದ್ದನ್ನು ಬಿಡುವಾದಾಗ ನೋಡತಕ್ಕದ್ದು ಎಂಬುದು ನಿಯಮ. ಯಂತ್ರ ಬಂದು ಬೀದಿಯ ಫುಕಿಯ ಕಡೆಯ ಅರ್ಧವನ್ನು ಕನ್ನಡಿಯಂತೆ ಗುಡಿಸಿ ಹೋಯಿತು. ಎದುರುಗಡೆಯ ಡೋಲಿನವನ ಬಾಗಿಲು ಹಿಮದಲ್ಲಿ ಹೂತುಹೋಗಿ, ಅವನು ಮಹಡಿಯ ಕಿಟಕಿಯಿಂದ ಇಣುಕಿ ನೋಡಿದ.

"ಫುಕಿ ಅಕ್ಕಾ, ಬುಗ್ಗೆಮನೆಯಲ್ಲಿ ಕಲ್ಲಿನ ಕೊಳ ನಿಮಗೇ ಮೀಸಲಂತೆ, ಹೌದಾ?"

"ಹೌದು. ಬಸ್ಸಲ್ಲಿ ಮುಂದಿನ ಸೀಟೂ ನಮಗೇ."

"ನಿಮ್ಮ ತಂಗಿ ಮನೇಲಿ ಇನ್ನೊಬ್ಬನಿಗೆ ಜಾಗ ಇದೆಯಾ? ಕಾಗದದಲ್ಲಿ ಸಾಕು."

ಜನವರಿಯೊಳಗೆ ಫುಕಿಯ ತಂಗಿಯ ಮನೆಯಲ್ಲಿ, ಎರಡು ಕೋಣೆಗಳಲ್ಲಿ, ನಾನೂರಾ ಹನ್ನೆರಡು ಜನ ವಾಸವಾಗಿದ್ದರು. ವಸಂತ ಬರುವಷ್ಟರಲ್ಲಿ ಬೀದಿಗೆ ಬೀದಿಯೇ ಖಾಲಿಯಾಗಿ, ಖಾಲಿಯಾದ ಬೀದಿಗಳಲ್ಲಿ ಅದೇ ಜನ ಓಡಾಡುತ್ತಿದ್ದರು. ನಿವಾಸಿಗಳಿಲ್ಲದೆ ಕೆಲಸಗಳು ನಿಲ್ಲಬಾರದೆಂದು ಸ್ವಾಗತ ವಿಭಾಗವು 'ಅನುಭವ ಯೋಜನೆ' ಜಾರಿಗೆ ತಂದಿತು. ಮೇಷ್ಟ್ರು ಪಾಠ ಹೇಳುವ ಅನುಭವ ಪಡೆದರು, ಚಾಲಕ ಬಸ್ಸು ಓಡಿಸುವ ಅನುಭವ ಪಡೆದ, ಫುಕಿ ತನ್ನ ಅಜ್ಜಿಯ ಸಾರು ಕಾಯಿಸುವ ಅನುಭವಕ್ಕೆ ಹೆಸರು ನೋಂದಾಯಿಸಿದಳು. ಕೊನೆಕೊನೆಗೆ ಮುನಕಾತನೂ ಕಾಗದದಲ್ಲಿ ಊರು ಬಿಟ್ಟು, ಸ್ವಾಗತಿಸುವ ಅನುಭವ ಪಡೆಯತೊಡಗಿದ.

ಊರಿನ ನಿವಾಸಿಯಾಗಿ ಉಳಿದವರು ನಗರಾಧ್ಯಕ್ಷ ಶಿಯೊಮಿ ಒಬ್ಬರೇ. ಯಾರಾದರೂ ಒಬ್ಬರು ಆತಿಥೇಯರಿರಬೇಕಲ್ಲ ಎಂದು ಅವರ ಹೆಂಡತಿಯೇ ಅವರನ್ನು ಒಪ್ಪಿಸಿ, ತಾನು ಪ್ರವಾಸಿಯಾದಳು. ಏಪ್ರಿಲ್‌ನಲ್ಲಿ ಚುನಾವಣೆ ನಡೆಯಿತು. ಮತದಾನ ಶೇಕಡಾ ನೂರು. ಶಿಯೊಮಿ ಒಂದು ಮತದ ಅಂತರದಿಂದ ಗೆದ್ದರು. ಚೆರ್ರಿ ಮರಗಳ ಕೆಳಗೆ ವೇದಿಕೆ ಹಾಕಿ, ನೆರೆದ ಮೂವತ್ತು ಸಾವಿರ ಚಿಲ್ಲರೆ ಜನರ ಮುಂದೆ ಅವರು ತಲೆಬಾಗಿ ಭಾಷಣ ಮಾಡಿದರು.

"ಇಷ್ಟು ದೂರ ಪ್ರಯಾಣ ಮಾಡಿ ನಮ್ಮ ಪುಟ್ಟ ಊರಿಗೆ ಬಂದಿದೀರಿ. ಊಟ, ಸ್ನಾನ, ಏನು ಕೊರತೆಯಾದರೂ ಹೊಟ್ಟೆಗೆ ಹಾಕ್ಕೊಳ್ಳಿ. ನಿಮ್ಮ ಊರಿಗೆ ಹೋದ ಮೇಲೆ ನಮ್ಮನ್ನು ಮರೀಬೇಡಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಲವರ ಕಣ್ಣಲ್ಲಿ ನೀರಾಡಿತು. ಸಭೆ ಚದುರಿದ ಮೇಲೆ ತೊಕುಜಿ ಮತ್ತು ಫುಕಿ ಹೂವಿನ ಕೆಳಗೆ ನಿಧಾನಕ್ಕೆ ನಡೆದು ಸೇತುವೆಯ ಮೇಲೆ ಬಂದು ನಿಂತರು. ಸುತ್ತ ಎಲ್ಲರೂ ತಂತಮ್ಮ ಮನೆಗಳ ಫೋಟೋ ತೆಗೆಯುತ್ತಿದ್ದರು. ಫುಕಿಯೂ ಅಂಗಡಿಯ ಒಂದು ಫೋಟೋ ತೆಗೆದು, ಕಣ್ಣು ಕಿರಿದು ಮಾಡಿ ನೋಡಿದಳು.

"ಚೆನ್ನಾಗಿದೆ ಅಲ್ವಾ ಊರು," ಎಂದಳು. "ಇನ್ನೊಂದೆರಡು ದಿನ ಇದ್ದು ಹೋಗೋಣ."

"ಆಗಲಿ," ಎಂದ ತೊಕುಜಿ.