ಯಾವ ಹೂಂ?

ನನ್ನ ನೆಗೆಣ್ಣಿಗೆ ತಲೆ ಕೆಟ್ಟಿದೆ ಎಂದು ನಾನು ಎಲ್ಲಿಯೂ ಹೇಳಿಲ್ಲ. ಆದರೆ ಎಮ್ಮೆಯ ಅಪ್ಪಣೆ ಪಡೆದು ಹಾಲು ಹಿಂಡುವವಳನ್ನು ನೀವಾದರೂ ಏನೆಂದು ಕರೆಯುತ್ತೀರಿ? ಕೆಚ್ಚಲಿಗೆ ಕೈ ಹಾಕುವ ಮೊದಲು ಅದರ ಬೆನ್ನು ಸವರಿ, "ಆಗ್ಲೇನವ್ವಾ?" ಎನ್ನುತ್ತಾಳೆ. ಎಮ್ಮೆ ಬಾಲ ಬೀಸಿದರೆ ಚರಿಗೆ ಹಿಡಿದು ನಿಂತೇ ಇರುತ್ತಾಳೆ. ಒಳಗೆ ನಮ್ಮ ಚಹಾ ಕುದಿದು ಕಷಾಯವಾಗಿರುತ್ತದೆ.

ಆಕೆ ನನ್ನ ಮೈದುನನ ಹೆಂಡತಿ. ದೋರನಹಳ್ಳಿ ಕಡೆಯ ಒಂದು ಸರಕಾರಿ ದವಾಖಾನೆಯಲ್ಲಿ ನರ್ಸ್, ಇರುವುದೂ ಅಲ್ಲೇ; ನಮ್ಮಲ್ಲಿಗೆ ಬಂದಾಗಲೆಲ್ಲ ಹಾಲು ಹಿಂಡುವುದು ಆಕೆಯೇ. ಆಕೆಯ ಮುಂದೆ "ಹೂಂ" ಎಂಬ ಮಾತು ಹರಿದ ನೋಟಿದ್ದಂತೆ, ಕೊಟ್ಟರೆ ತಿರುಗಿ ನಮ್ಮ ಕೈಗೇ ಬರುತ್ತದೆ.

"ಕೇಳಿದ ಹೂಂ ಬ್ಯಾರೆ ಅಕ್ಕಾ, ಒಪ್ಪಿದ ಹೂಂ ಬ್ಯಾರೆ. ಬಾಯಿ ತುಂಬ ಆಗ್ಲಿ ಅನ್ನು."

ಒಮ್ಮೆ ನಾದಿನಿಯ ಮಗಳನ್ನು ನೋಡಲು ವಡಗೇರಾದಿಂದ ಬೀಗರು ಬಂದಿದ್ದರು. ಹುಡುಗ ಒಪ್ಪಿಗೆಯೇ ಎಂದು ಹಿರಿಯರು ಕೇಳಿದರು. ಹುಡುಗಿ ತಲೆ ತಗ್ಗಿಸಿ "ಹೂಂ" ಎಂದಳು. ಸಕ್ಕರೆ ಹಂಚಲು ಎಲ್ಲರೂ ಎದ್ದರು. ಈ ಮಹಾತಾಯಿ ತಾಟಿನ ಮೇಲೆ ಕೈ ಅಡ್ಡ ಇಟ್ಟಳು. "ತಡೀರಿ. ಯಾವ ಹೂಂ ಅಂದಿ ನೀ?"

ಹುಡುಗಿ ತಲೆ ಎತ್ತಿದಳು. "ಅತ್ತಿ, ಆಗ್ಲಿ, ಆಗ್ಲಿ, ಆಗ್ಲಿ. ಇನ್ನ ಸಕ್ಕರಿ ಬಿಡ್ತಿ ಏನು?"

ಬೀಗರ ಪೈಕಿ ಒಬ್ಬರು, "ಹುಡುಗಿಗೆ ಮಾತು ಬರ್ತಾವೋ ಇಲ್ಲೋ ಅಂತ ನಮಗೂ ಗುಮಾನಿ ಇತ್ತರಿ, ಹೋತು," ಎಂದರು.

ನಾನೂ ಹೊಟ್ಟೆ ಹಿಡಿದು ನಕ್ಕಿದ್ದೆ, ನನ್ನ ಪಾಳಿ ಬರುವ ತನಕ.

ಕಾಲುವೆ ನೀರು ಬಂದ ಮೇಲೆ ನಮ್ಮ ಜೋಳದ ಹೊಲ ಭತ್ತದ ಗದ್ದೆಯಾಯಿತು. ಹೆತ್ತು ಹೆತ್ತು ಸಡಿಲಾದ ಮೈ, ಅದರ ಮೇಲೆ ಹೊತ್ತು ಮುಳುಗುವವರೆಗೆ ಕೆಸರಿನಲ್ಲಿ ಬಗ್ಗಿ ನಾಟಿ. ನನ್ನ ಗರ್ಭಚೀಲ ಕೆಳಗೆ ಜಾರಿತು. ಕುಳಿತರೆ ಒತ್ತುತ್ತಿತ್ತು, ಕೆಮ್ಮಿದರೆ ಸೀರೆ ಒದ್ದೆ. ಯಾರಿಗೂ ಹೇಳದೆ ಬಟ್ಟೆ ಕಟ್ಟಿಕೊಂಡು ನಾಟಿ ಮಾಡಿದೆ. ಕಡೆಗೆ ತಾಳಲಾರದೆ ಪಟ್ಟಣದ ಒಂದು ದವಾಖಾನೆಗೆ ಹೋದೆ. ಡಾಕ್ಟರರು ಉದ್ದಕ್ಕೆ ಏನೇನೋ ಹೇಳಿದರು. ದೊಡ್ಡವರು ಹೇಳುವಾಗ ಬಾಯಿ ಮುಚ್ಚಿ ಕೂಡುವುದು ಮರ್ಯಾದೆಯೇ? ಕಥೆ ಕೇಳುವವರು ಹೂಂಗುಟ್ಟುವಂತೆ ನಾನೂ "ಹೂಂ, ಹೂಂ" ಎನ್ನುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಬುಧವಾರ ಆಪರೇಷನ್ ಮಾಡಿ ಗರ್ಭಚೀಲ ತೆಗೆಯುವುದೆಂದು ನಿಶ್ಚಯವಾಗಿತ್ತು!

ನೆಗೆಣ್ಣಿಗೆ ಸುದ್ದಿ ಹೋಯಿತು. ಡ್ಯೂಟಿ ಸೀರೆಯಲ್ಲೇ ಓಡಿ ಬಂದಳು.

"ನೀ ಒಪ್ಪಿದ್ಯಾ ಅಕ್ಕಾ?"

"ಹೂಂ ಅಂದೀನಲ್ಲ."

"ಯಾವ ಹೂಂ?"

ಮೈ ಉರಿಯಿತು. "ಕಥಿ ಕೇಳಿದ ಹೂಂ," ಎಂದೆ.

"ಹಂಗಾದ್ರ ಬುಧವಾರ ಇಲ್ಲ. ತೆಗಿಲೇಬೇಕಂತ ಬಂದ್ರ ನಾನೇ ಕರ್ಕೊಂಡು ಹೋಗ್ತೀನಿ. ಮೊದಲು ಬ್ಯಾರೆ ದಾರಿ ಏನದಾವ ತಿಳ್ಕೋ. ಆಮ್ಯಾಲ ನೀ ಹೇಳಿದಂಗ."

ಬಾಗಿಲು ಹಾಕಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ಆಮೇಲೆ ಕೇಳಿದಳು, "ಒಂದ್ಸಲ ನೋಡಲೇನು?"

"ಹೂಂ," ಎಂದೆ. ಆ ಹೂಂ ನಡೆಯಲಿಲ್ಲ. ಬಾಯಿ ತುಂಬ ಹೇಳಲು ಹೋದರೆ ಬಾಯಿಂದ ಬಂದದ್ದು, "ಇವತ್ತು ಬ್ಯಾಡ."

ಮುಖ ಊದಿಸಿಕೊಳ್ಳುತ್ತಾಳೆ ಎಂದುಕೊಂಡೆ. ಆಕೆ ಕೈಗವಸನ್ನು ಚೀಲಕ್ಕೆ ಹಾಕಿ, "ಛಲೋ ಆತು. ರೊಟ್ಟಿ ಅದಾವೇನು? ಹಸಿವಾಗ್ಯಾದ," ಎಂದಳು. ಪುಂಡಿಪಲ್ಯದ ಜೊತೆ ರೊಟ್ಟಿ ತಿಂದು ಹೋದಳು. ಆ ವಿಷಯ ಮತ್ತೆ ಎತ್ತಲಿಲ್ಲ. ಮುಂದಿನ ವಾರ ನಾನೇ ಹೇಳಿ ಕಳಿಸಿ ಕರೆಸಿದೆ.

ಆಕೆ ನೋಡಿದಳು, ತನ್ನ ದವಾಖಾನೆಯ ಡಾಕ್ಟರಮ್ಮನಿಗೂ ತೋರಿಸಿದಳು. ಜಾರಿದ್ದನ್ನು ಮೇಲೆ ಹಿಡಿದಿಡಲು ಒಳಗೊಂದು ರಬ್ಬರಿನ ಬಳೆ ಕೂಡಿಸಿದರು. ಅಷ್ಟಕ್ಕೇ ಬಿಟ್ಟಾಳೆಯೇ? ಬಯಲಿಗೆ ಕುಳಿತಾಗ ತಿಣುಕುವಂತಿಲ್ಲ, ಹೊಟ್ಟೆ ಕಟ್ಟದಂತೆ ಸೊಪ್ಪು ತಿನ್ನಬೇಕು, ತುಂಬಿದ ಕೊಡ ಇನ್ನು ಗಂಡ ಎತ್ತಬೇಕು. ಮೇಲೊಂದು ಕಸರತ್ತು: ಉಚ್ಚೆ ತಡೆಯುವಂತೆ ಕೆಳಗಿನ ಮೈ ಬಿಗಿ ಹಿಡಿಯುವುದು, ಬಿಡುವುದು. ಅದನ್ನು ನನಗೆ ಕಾಲುವೆಯ ಮಾತಿನಲ್ಲೇ ಕಲಿಸಿದಳು: "ತೂಬು ಮುಚ್ಚು. ಹಿಡಿ. ತೂಬು ಬಿಡು."

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಅಂಗಳದಿಂದಲೇ ಕೂಗಿದಳು, "ಅಕ್ಕಾ, ತೂಬು ಮುಚ್ಚಿದೇನು?"

"ಮುಚ್ಚೀನಿ."

ಉಣ್ಣಲು ಕುಳಿತಿದ್ದ ನಮ್ಮ ಯಜಮಾನರು ತಾಟು ಬಿಟ್ಟೆದ್ದರು. "ಯಾರು ಮುಚ್ಚಂದ್ರು? ನಮ್ಮ ಪಾಳಿ ನೀರು ಇನ್ನಾ ಮುಗಿದಿಲ್ಲ," ಎಂದು ಸಲಿಕೆ ಹೊತ್ತು ಗದ್ದೆಗೆ ಓಡಿದರು. ತಿರುಗಿ ಬಂದಾಗ ಮೊಣಕಾಲ ತನಕ ಕೆಸರು.

"ತೂಬು ತೆರದೇ ಅದಲ್ಲ?"

"ನಿಮ್ಮದು ತೆರದದರಿ. ನಾ ಮುಚ್ಚಿದ್ದು ನಂದು."

ಈಗ ಕೆಮ್ಮಿದರೂ ಸೀರೆ ಒಣಗಿರುತ್ತದೆ, ನಕ್ಕರೂ ಅಷ್ಟೇ. ಆ ಬಳೆಯನ್ನು ಆಗಾಗ ತೆಗೆದು ತೊಳೆದು ಕೂಡಿಸಬೇಕು. ಪ್ರತಿ ಸಲವೂ ಆಕೆ ಕೈ ತೊಳೆದು, ನನ್ನ ಪಕ್ಕ ಕುಳಿತು, "ಆಗ್ಲೇನಕ್ಕಾ?" ಎನ್ನುತ್ತಾಳೆ.

"ಇಷ್ಟು ವರ್ಷ ಆತು, ಇನ್ನಾ ಕೇಳ್ತೀಯಲ್ಲ. ನಿನಗ ಮರವೇನು?"

"ಹೋದ ಸಲದ ಆಗ್ಲಿ ಹೋದ ಸಲಕ್ಕ ಮುಗೀತು."

ನಾನು ಸೆರಗು ಸರಿ ಮಾಡಿಕೊಳ್ಳುತ್ತೇನೆ, ಬೇಕೆಂದೇ ಕಿಟಕಿಯ ಕಡೆ ನೋಡುತ್ತೇನೆ. ನನ್ನ ಮದುವೆ ಮಾಡಿದವರು ನನ್ನನ್ನು ಕೇಳಲಿಲ್ಲ. ನನ್ನ ಮಕ್ಕಳೆಲ್ಲ ಯಾರನ್ನು ಕೇಳಿ ಹುಟ್ಟಿದವು? ಈಕೆ ಮಾತ್ರ ತೊಳೆದ ಕೈ ಮಡಿಲಲ್ಲಿಟ್ಟುಕೊಂಡು ನನ್ನ ಒಂದು ಮಾತಿಗಾಗಿ ಕಾಯುತ್ತ ಕುಳಿತಿರುತ್ತಾಳೆ.

ಇನ್ನೊಂದಿಷ್ಟು ಹೊತ್ತು ಕಾಯಲಿ ಎಂದುಕೊಂಡು, ಆಮೇಲೆ ಬಾಯಿ ತುಂಬ "ಆಗ್ಲಿ" ಎನ್ನುತ್ತೇನೆ.