ಟ್ಯಾಂಕು ತುಂಬಿಸಿದ ಕಗ್ವಾ

ಕಗ್ವಾನಿಗೆ ಸಿಟ್ಟು ಬಂದದ್ದು ಬೈಕು ಕೆಮ್ಮಿತೆಂದಲ್ಲ; ಅದು ಕೆಮ್ಮಿದ ಕೂಡಲೇ ಪಕ್ಕದ ಬೈಕಿನ ಬೊಸ್ಸಾ, "ಶುಂಠಿ ಕಷಾಯ ಕುಡಿಸು ಮಾರಾಯ" ಅಂದನೆಂದು.

ಮಸಾಕ ಪೇಟೆಯ ಹಲಸಿನ ಮರದ ಸ್ಟ್ಯಾಂಡಿನಲ್ಲಿ ನಿಂತು, ಜನರನ್ನು ಹಿಂದೆ ಕೂರಿಸಿಕೊಂಡು ಹೋಗುವ ಬಾಡಿಗೆ ಬೈಕುಗಳೆಲ್ಲ ಒಂದೇ ಕೆಂಪು ಬಣ್ಣದವು. ರಸ್ತೆಬದಿಯ ಡಬ್ಬಿಗಳಿಂದ ಸೀಮೆಎಣ್ಣೆ ಬೆರೆತ ಪೆಟ್ರೋಲು ಕುಡಿದು ಎಲ್ಲಕ್ಕೂ ಅಷ್ಟಿಷ್ಟು ನೆಗಡಿ ಇದ್ದೇ ಇತ್ತು. ಕಗ್ವಾನ ಬೈಕಿಗೆ ಮಾತ್ರ ಅದು ಎದೆಗಿಳಿದಿತ್ತು. ಏರು ಬಂದರೆ ಮದುವೆಮನೆಯ ಒಲೆಯಂತೆ ಹೊಗೆ ಕಾರುತ್ತ, ಕೋಳಿಮರಿಗಳಿಗೂ ದಾರಿ ಬಿಟ್ಟುಕೊಡುತ್ತ ಹೋಗುತ್ತಿತ್ತು.

ಬೇರೆ ದಿನವಾಗಿದ್ದರೆ ಮಾತನ್ನು ನುಂಗಿಕೊಳ್ಳುತ್ತಿದ್ದ. ಆದರೆ ಅಂದು ಶಾಲೆ ಬಿಟ್ಟ ಮೇಲೆ ಮಿಷನ್ ಶಾಲೆಯ ಹೆಡ್ ಮಿಸ್ ತಮ್ಮನ್ನು ದಿನಾ ಕರೆತಂದು ಬಿಡಲು ಒಬ್ಬ ಕಾಯಂ ಸವಾರನನ್ನು ಆರಿಸುವವರಿದ್ದರು. ದಿನವೂ ತಪ್ಪದ ಬಾಡಿಗೆ, ಮೇಲೆ ಮರ್ಯಾದೆ. ಹಿಂದಿನ ವಾರ ಕಗ್ವಾ ಅವರನ್ನು ಮನೆಗೆ ಬಿಟ್ಟಿದ್ದ. ದಾರಿಯುದ್ದಕ್ಕೂ ಹಿಂದಿನಿಂದ ಒಂದು ಮಾತಿಲ್ಲ. ಹೊಗೆಗೆ ಉಸಿರು ಕಟ್ಟಿ ಕೂತಿದ್ದಾರೆಂದು ಅವನು ನಾಚಿ ನೀರಾಗಿದ್ದ.

ನೆಟ್ಟಗೆ ಬಿಡಿಭಾಗದ ಅಂಗಡಿಗೆ ಹೋಗಿ ಒಂದು ಸಣ್ಣ ಸೀಸೆ ತಂದ. "ಪೆಟ್ರೋಲಿಗೆ ಹಾಕೋ ಔಷಧಿ. ಇಂಜಿನ್ ಒಳಗಿನ ಮಸಿಯನ್ನೆಲ್ಲ ತೊಳೆದುಬಿಡುತ್ತೆ" ಅಂದ.

ಸ್ಟ್ಯಾಂಡಿನ ಯಜಮಾನರು ಸೀಸೆ ಇಸಿದುಕೊಂಡರು. ಅವಳಿ ಮಕ್ಕಳ ತಂದೆಯಾದ್ದರಿಂದ ಅವರನ್ನು ಆ ಊರ ರೂಢಿಯಂತೆ ಎಲ್ಲರೂ ಸಾಲೊಂಗೊ ಎಂದೇ ಕರೆಯುವುದು. ಚೀಟಿ ಓದಿ ಗಂಭೀರವಾಗಿ ಹೇಳಿದರು: "ಒಂದು ಸೀಸೆ, ಒಂದು ಫುಲ್ ಟ್ಯಾಂಕಿಗಂತೆ."

ಆ ಸ್ಟ್ಯಾಂಡಿನಲ್ಲಿ ಫುಲ್ ಟ್ಯಾಂಕನ್ನು ಕಣ್ಣಾರೆ ಕಂಡವರಿರಲಿಲ್ಲ. ಒಂದು ಬಾಡಿಗೆ ಮುಗಿದರೆ ಇನ್ನೊಂದಕ್ಕೆ ಸಾಲುವಷ್ಟು ಹಾಕಿಸುವುದೇ ರೂಢಿ. ಅದಕ್ಕಿಂತ ಹೆಚ್ಚಿದ್ದರೆ ಬಾಗಿಲು ತೆರೆದಿಟ್ಟು ಮಲಗಿದಂತೆ ಜೀವಕ್ಕೆ ನೆಮ್ಮದಿಯಿಲ್ಲ.

"ಈಗ ಎಷ್ಟಿದೆ?" ಸಾಲೊಂಗೊ ಕೇಳಿದರು.

"ಒಂದು ಲೋಟ ಇದ್ದೀತು."

"ಹಂಗಾದ್ರೆ ನಾಲ್ಕು ತೊಟ್ಟು ಹಾಕು."

"ಅರ್ಧ ಮುಚ್ಚಳ," ಅಂದ ಇನ್ನೊಬ್ಬ.

"ವಾಸನೆ ತೋರಿಸು, ಅಷ್ಟೇ ಸಾಕು," ಅಂದ ಬೊಸ್ಸಾ.

ಕಗ್ವಾನ ನೆತ್ತಿ ಉರಿಯಿತು. ಸೀಸೆ ಕಿತ್ತುಕೊಂಡು ಬಂಕಿಗೆ ಹೋದ. ಮನೆ ಸಾಮಾನಿಗೆಂದು ಇಟ್ಟ ದುಡ್ಡನ್ನೆಲ್ಲ ಸುರಿದು ಟ್ಯಾಂಕು ತುಳುಕುವಂತೆ ತುಂಬಿಸಿ, ಔಷಧಿಯನ್ನು ಕೊನೆಯ ಹನಿಯವರೆಗೂ ಬಗ್ಗಿಸಿದ. ಮಧ್ಯಾಹ್ನದ ಹೊತ್ತಿಗೆ ಹೊಗೆ ನಿಂತಿತು. ಬೈಕು ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿತು.

ಆದರೆ ಸ್ಟ್ಯಾಂಡಿನಲ್ಲಿ ಒಂದು ನಿಯಮವಿತ್ತು. ದಾರಿಯಲ್ಲಿ ಒಬ್ಬನ ಪೆಟ್ರೋಲು ಮುಗಿದರೆ, ಇದ್ದವನು ಟ್ಯಾಂಕಿನ ಪೈಪು ಎಳೆದು ಒಂದು ಬಾಟಲಿ ಕೊಡಬೇಕು. ಕೊಡದವನು ಎಲ್ಲರಿಗೂ ಮೊಟ್ಟೆ ಚಪಾತಿ ತಿನ್ನಿಸಬೇಕು. ಯಾರ ಬಳಿಯೂ ಏನೂ ಇಲ್ಲದ್ದರಿಂದ ಈ ನಿಯಮದಿಂದ ಅಂದಿನವರೆಗೆ ಯಾರಿಗೂ ನಷ್ಟವಾಗಿರಲಿಲ್ಲ.

ಮಾರುಕಟ್ಟೆಯ ಮುಂದೆ ಒಬ್ಬನ ಬೈಕು ನಿಂತಿತ್ತು. ಕಗ್ವಾ ಹಲ್ಲು ಕಚ್ಚಿ ಕೊಟ್ಟ. ಚರ್ಚಿನ ತಿರುವಿನಲ್ಲಿ ಮತ್ತೊಬ್ಬ ಅವನಿಗಾಗಿಯೇ ಕಾದವನಂತೆ ಖಾಲಿ ಬಾಟಲಿ ಹಿಡಿದು ನಿಂತಿದ್ದ. ವಾಪಸು ಬಂದರೆ ಸಾಲೊಂಗೊ ಅವರದ್ದೂ ಮುಗಿದಿತ್ತು, ಅದೂ ಹಲಸಿನ ಮರದ ಬುಡದಲ್ಲೇ.

"ನಿಯಮ ದಾರಿಯಲ್ಲಿ ನಿಂತವರಿಗೆ, ಯಜಮಾನರೇ," ಕಗ್ವಾ ಗುರುಗುಟ್ಟಿದ.

"ಇದು ದಾರಿ ಅಲ್ದೆ ನನ್ನ ಮಲಗೋ ಕೋಣೆಯೇನಪ್ಪ?"

ಕೊಟ್ಟ. ಆಮೇಲೆ ಉಳಿದವರ ಸಾಲು ಹತ್ತಿತು. ಕೊನೆಗೆ ಬೊಸ್ಸಾ ಬಂದ. "ಅಣ್ಣಾ, ಒಂದೇ ಒಂದು ಬಾಟ್ಲಿ."

"ಶುಂಠಿ ಕಷಾಯ ಹಾಕ್ಕೋ ಹೋಗು."

"ನಿಯಮ ಇದೆಯಲ್ಲಣ್ಣ."

"ದಂಡ ಕೊಡ್ತೀನಿ. ಎಲ್ರಿಗೂ ಮೊಟ್ಟೆ ಚಪಾತಿ ತಿನ್ನಿಸ್ತೀನಿ, ನಿನಗೆ ಎರಡು. ನನ್ನ ಔಷಧಿ ಮಾತ್ರ ನಿನ್ನ ಬೈಕಿನ ಗಂಟಲಲ್ಲಿ ಇಳಿಯಲ್ಲ."

ಬೊಸ್ಸಾ ಬೈಕು ತಳ್ಳಿಕೊಂಡು ರಸ್ತೆಬದಿಗೆ ಹೋಗಿ, ಡಬ್ಬಿಯ ತಳದಲ್ಲಿ ಉಳಿದ ಗಷ್ಟನ್ನು ಹಾಕಿಸಿಕೊಂಡ.

ಶಾಲೆಯ ಗೇಟಿನ ಮುಂದೆ ಬೈಕುಗಳು ಸಾಲಾಗಿ ನಿಂತು ಹಾಲು ಕುಡಿದ ಬೆಕ್ಕುಗಳಂತೆ ಗುರುಗುಡುತ್ತಿದ್ದವು. ಎಲ್ಲದರೊಳಗೂ ಕಗ್ವಾನ ಔಷಧಿ. ಸಾಲಿನ ತುದಿಯಲ್ಲಿ ಬೊಸ್ಸಾನ ಬೈಕೊಂದೇ ಕಪ್ಪು ಹೊಗೆಯೊಳಗೆ ಮುಳುಗಿ ಖೊಕ್ ಖೊಕ್ ಎನ್ನುತ್ತಿತ್ತು. ಬೆಳಗಿನಿಂದ ಮೊದಲ ಬಾರಿಗೆ ಕಗ್ವಾನ ಹೊಟ್ಟೆ ತಣ್ಣಗಾಯಿತು.

ಬಿಳಿ ಉಡುಪಿನ ಹೆಡ್ ಮಿಸ್ ಬಂದರು. ಬೈಕುಗಳನ್ನು ನೋಡಲಿಲ್ಲ, ತಲೆ ಬಾಗಿಸಿ, ಕಿವಿಗೊಟ್ಟು ಕೇಳುತ್ತ ನಡೆದರು. ಬೊಸ್ಸಾನ ಮುಂದೆ ನಿಂತರು. ಮುಖ ಅರಳಿತು.

"ಇದೇ. ಹೋದ ವಾರ ನನ್ನನ್ನ ಮನೆಗೆ ಬಿಟ್ಟ ಬೈಕು ಇದೇ."

"ಅಮ್ಮಾ, ಅದು ನಾನು," ಕಗ್ವಾ ಮುಂದೆ ನುಗ್ಗಿದ.

"ಸುಳ್ಳು ಹೇಳಬೇಡಪ್ಪ. ನಿನ್ನದು ಚಿರತೆ ಹಾಗೆ ನಿಂತಿದೆ. ಇವರೆಲ್ಲರ ಹಿಂದೆ ಕೂತ್ರೆ ನಾನು ಕಣ್ಣು ಮುಚ್ಚಿ ದಾರಿಯುದ್ದಕ್ಕೂ ಪ್ರಾರ್ಥನೆ ಮಾಡ್ಬೇಕು. ಆ ಕೆಮ್ಮೋ ಬೈಕಲ್ಲಿ ಮಾತ್ರ ಎಷ್ಟು ನಿಧಾನ ಅಂದ್ರೆ, ಹಾಯಾಗಿ ನಿದ್ದೆ ಬಂದಿತ್ತು."

"ಮುಖ ನೋಡಿ ಅಮ್ಮಾ. ನಾನೇ."

"ನಾನು ಕಂಡದ್ದು ಬೆನ್ನು. ಬೆನ್ನೆಲ್ಲ ಒಂದೇ ಥರ ಇರುತ್ತಪ್ಪ." ಹೆಡ್ ಮಿಸ್ ಬೊಸ್ಸಾನ ಹಿಂದೆ ಹತ್ತಿ ಕೂತರು.

ಕಗ್ವಾ ಸಿಟ್ಟಿನಲ್ಲಿ ಅವರಿಗಿಂತ ಮೊದಲೇ ಹೊರಟುಬಿಟ್ಟ. ಅರ್ಧ ಏರಿನಲ್ಲಿ ಬೈಕು ಸದ್ದಿಲ್ಲದೆ ನಿಂತಿತು. ಊರಿಗೆಲ್ಲ ಹಂಚಿದ ಟ್ಯಾಂಕಿನಲ್ಲಿ ಇನ್ನೇನು ಉಳಿದೀತು? ಬೈಕನ್ನು ಮಗ್ಗುಲಿಗೆ ಮಲಗಿಸಿ, ಮೂಲೆಯಲ್ಲಿ ಹನಿಯೇನಾದರೂ ಇದ್ದೀತೆಂದು ಅಲ್ಲಾಡಿಸುತ್ತಿದ್ದಾಗ ಕೆಳಗಿನಿಂದ ಕೆಮ್ಮು ಕೇಳಿಸಿತು.

ಬೊಸ್ಸಾ ನಿಲ್ಲಿಸಿ ಇಳಿದ. ಪೈಪು ಎಳೆದು, ಒಂದು ಬಾಟಲಿ ತುಂಬಿ ಕೊಟ್ಟ.

"ಎಂಥ ಒಳ್ಳೇ ಮನುಷ್ಯ," ಅಂದರು ಹೆಡ್ ಮಿಸ್.

ಡಬ್ಬಿಯ ತಳದ ಆ ಗಷ್ಟು ಹೊಟ್ಟೆಗಿಳಿದದ್ದೇ ಕಗ್ವಾನ ಬೈಕು ಒಮ್ಮೆ ನಡುಗಿ, ಖೊಕ್ ಖೊಕ್ ಖೊಕ್ ಎಂದಿತು. ಹೆಡ್ ಮಿಸ್ ಬೆಚ್ಚಿ ತಿರುಗಿದರು. ಕಿವಿಗೊಟ್ಟರು. ಇನ್ನೊಮ್ಮೆ ಕಿವಿಗೊಟ್ಟರು.

"ಅಯ್ಯೋ, ನಿನ್ನದೇ ಕಣಪ್ಪ. ಗೇಟಿನ ಹತ್ರ ಒಂದು ಸಲ ಕೆಮ್ಮಬಾರದಿತ್ತೇ? ಈಗ ಇವನಿಗೆ ಮಾತು ಕೊಟ್ಟಾಯ್ತಲ್ಲ."

"ನಾಳೆ ಮೊಟ್ಟೆ ಚಪಾತಿ, ಅಣ್ಣ. ನನಗೆ ಎರಡು," ಅಂದ ಬೊಸ್ಸಾ, ಗಾಡಿ ಎಬ್ಬಿಸುತ್ತ.

ಬಾಯ್ತುಂಬ ಬೈಯಬೇಕೆಂದು ಕಗ್ವಾ ಬಾಯಿ ತೆರೆದ. ಬಾಯ್ತುಂಬ ಹೊಗೆ ಹೋಯಿತು. ಅದು ಬೊಸ್ಸಾನ ಬೈಕಿನದೋ ತನ್ನದೋ, ಅದೂ ಗೊತ್ತಾಗಲಿಲ್ಲ.